ಬಟ್ಟೆಯ ಬಣ್ಣ, ಹೊಳೆಯ ಉಪ್ಪು

(ಸಂಘದ ರಜತ ಮಹೋತ್ಸವದ ಎರಡನೆಯ ದಿನ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ನಮ್ಮ ಸದಸ್ಯರೊಬ್ಬರು ಮಾಡಿದ ಭಾಷಣ. ಇವರು ಇಪ್ಪತ್ತು ವರ್ಷ ತಿರುಪ್ಪೂರಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರು. ಅವರು ಆಡಿದ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. - ಸಂ.)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ "ಅಭಿವೃದ್ಧಿಶೀಲ ದೇಶಗಳ ಉತ್ಪಾದಕರಲ್ಲಿ ಹಸಿರು ಪೂರೈಕೆ ಸರಪಳಿ" ಅಂತ ಅಚ್ಚಾಗಿದೆ. ಇದು ನಮ್ಮ ಕಾರ್ಯದರ್ಶಿಗಳು ಇಟ್ಟ ಹೆಸರು. ಅದನ್ನು ಓದಿ ನನಗೇ ಗಾಬರಿಯಾಯಿತು. ನಿನ್ನೆ ಅರಳಿಕಟ್ಟೆ ಹತ್ತಿರ ಒಬ್ಬರು, "ಏನಪ್ಪಾ, ಸರಪಳಿ ಅಂದ್ರೆ ದನ ಕಟ್ಟೋದಾ?" ಅಂತ ಕೇಳಿದರು. ನಗಬೇಡಿ, ಆ ಪ್ರಶ್ನೆ ಅಷ್ಟೇನೂ ತಪ್ಪಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಂಡಿ ಕೊಂಡಿಯಾಗಿ ಸರಕು ಹೋಗುತ್ತದಲ್ಲ, ಅದೇ ಸರಪಳಿ. ಹೀಗೆ ಹೋಗುವಾಗ ದಾರಿಯಲ್ಲಿ ನೀರು, ಮಣ್ಣು, ಗಾಳಿ ಕೆಡದ ಹಾಗೆ ನೋಡಿಕೊಂಡರೆ ಅದನ್ನು ಹಸಿರು ಅನ್ನುತ್ತಾರೆ.

ನಮ್ಮ ಹಾಲನ್ನೇ ತಗೊಳ್ಳಿ. ಮೇವು, ಹಸು, ಕ್ಯಾನು, ಶೀತಲ ಕೇಂದ್ರ, ಟ್ಯಾಂಕರು, ಡೇರಿ, ಕೊನೆಗೆ ಪಟ್ಟಣದವರ ಮನೆಯ ಪ್ಯಾಕೆಟ್ಟು. ಬೂಸ್ಟು ಹಿಡಿದ ಜೋಳದ ನುಚ್ಚು ತಿಂದ ಹಸುವಿನ ಹಾಲಿನಲ್ಲಿ ಆ ವಿಷ ಬರುತ್ತೆ. ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಹಾಕಬೇಡಿ ಅಂತ ಇದೇ ಸಂಘದಲ್ಲಿ ಎಷ್ಟು ಸಲ ಜಗಳ ಆಗಿದೆ! ಒಬ್ಬರ ಕ್ಯಾನು ಕೆಟ್ಟರೆ ಟ್ಯಾಂಕರಿಗೆ ಟ್ಯಾಂಕರೇ ಹೋಯಿತು. ಆದ್ದರಿಂದ ಸರಪಳಿ ಅನ್ನೋದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ನಾನು ಹೇಳಬೇಕು ಅಂದುಕೊಂಡಿರೋದು ಒಂದೇ: ಕೊಳ್ಳುವವನು ತನ್ನ ಮೈಗೆ ತಾಗುವ ಕೊಂಡಿಯನ್ನು ಮಾತ್ರ ತಿಕ್ಕಿ ನೋಡುತ್ತಾನೆ. ಹೊಳೆಗೆ ತಾಗುವ ಕೊಂಡಿಯನ್ನು ಹೊಳೆಯ ಕೆಳಗಿನವರೇ ನೋಡಿಕೊಳ್ಳಬೇಕಾಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ತಿರುಪ್ಪೂರಿನಲ್ಲಿ ಕಣ್ಣಾರೆ ಕಂಡೆ.

1991ರಲ್ಲಿ ಮಳೆ ಕೈಕೊಟ್ಟು, ಮನೆಯ ಸಾಲ ಮೇಲೆ ಬಂದು, ನಾನು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಬಸ್ಸು ಹತ್ತಿದವನು. ನಮ್ಮ ಕಡೆಯಿಂದ ಆಗ ಬಹಳ ಜನ ಹೋಗುತ್ತಿದ್ದರು. ಈಗಲೂ ಹೋಗುತ್ತಾರೆ. ತಿರುಪ್ಪೂರಿನಲ್ಲಿ ಎಲ್ಲವೂ "ಬನಿಯನ್ ಕಂಪನಿ". ದೇಶದಿಂದ ಹೊರಕ್ಕೆ ಹೋಗುವ ಹತ್ತಿ ಹೆಣಿಗೆ ಬಟ್ಟೆಯಲ್ಲಿ ಅರ್ಧಕ್ಕೂ ಹೆಚ್ಚು ಅದೊಂದೇ ಊರಿನದು. ನೂಲು ಒಂದು ಕಡೆ, ಹೆಣೆಯುವುದು ಇನ್ನೊಂದು ಕಡೆ, ಬಣ್ಣ ಮತ್ತೊಂದು ಕಡೆ, ಕತ್ತರಿಸಿ ಹೊಲಿಯುವುದು ಮಗದೊಂದು ಕಡೆ. ಒಬ್ಬನೇ ಧಣಿ ಎಲ್ಲವನ್ನೂ ಮಾಡುವುದು ಕಡಿಮೆ. ಎಲ್ಲ ಜಾಬ್ ವರ್ಕು. ರಫ್ತಿನವನ ಹೆಸರು ಪೆಟ್ಟಿಗೆಯ ಮೇಲೆ ಇರುತ್ತೆ. ಬಣ್ಣ ಹಾಕಿದವನ ಹೆಸರು ಎಲ್ಲೂ ಇರುವುದಿಲ್ಲ.

ನಾನು ಮೊದಲ ನಾಲ್ಕು ವರ್ಷ ಆ ಹೆಸರಿಲ್ಲದ ಜಾಗದಲ್ಲೇ ಇದ್ದೆ, ಅಂದರೆ ಬಣ್ಣದ ಕಾರ್ಖಾನೆಯಲ್ಲಿ. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಉಪ್ಪು ಬೇಕು. ಒಂದು ಚಿಟಿಕೆ ಎರಡು ಚಿಟಿಕೆ ಅಲ್ಲ. ತಿಳಿ ಬಣ್ಣಕ್ಕೆ ಲೀಟರು ನೀರಿಗೆ 30 ಗ್ರಾಂ ಆದರೆ, ಕಡುಗಪ್ಪು, ಕಡುನೀಲಿಗೆ 80 ಗ್ರಾಂವರೆಗೂ ಹೋಗುತ್ತೆ. ಒಂದು ಕೆಜಿ ಬಟ್ಟೆಗೆ ಹತ್ತು ಲೀಟರು ನೀರು ಅಂತ ಇಟ್ಟುಕೊಂಡರೂ ಕಪ್ಪು ಟೀ ಶರ್ಟಿನ ಒಂದು ಕೆಜಿ ಬಟ್ಟೆಗೆ ಮುಕ್ಕಾಲು ಕೆಜಿ ಮೇಲೆ ಉಪ್ಪು. ಇದರಲ್ಲಿ ಬಟ್ಟೆಯಲ್ಲಿ ಉಳಿಯೋದು ಎಷ್ಟು? ಏನೂ ಇಲ್ಲ. ಬಣ್ಣವನ್ನು ನೂಲಿಗೆ ತಳ್ಳುವುದಷ್ಟೇ ಉಪ್ಪಿನ ಕೆಲಸ. ಕೆಲಸ ಮುಗಿದ ಮೇಲೆ ಅಷ್ಟೂ ಉಪ್ಪು, ಹಿಡಿಯದೆ ಉಳಿದ ಬಣ್ಣದ ಜೊತೆ ಚರಂಡಿಗೆ. ನಾವು ಉಪ್ಪಿನ ಮೂಟೆ ಹೊತ್ತು ತೊಟ್ಟಿಗೆ ಸುರಿಯುತ್ತಿದ್ದೆವು. ಹೆಗಲೆಲ್ಲ ಬಿರಿದು ಹೋಗೋದು. ಆ ಮೂಟೆ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ಯೋಚನೆ ಮಾಡಲಿಲ್ಲ. ಸುಳ್ಳು ಯಾಕೆ ಹೇಳಲಿ?

ಇನ್ನು ನೀರು. ಒಳ್ಳೆ ನೀರಿಲ್ಲದೆ ಒಳ್ಳೆ ಬಣ್ಣ ಬರುವುದಿಲ್ಲ. ಊರ ಒಳಗಿನ ಬಾವಿಗಳೆಲ್ಲ ಆ ಹೊತ್ತಿಗೇ ಕೆಟ್ಟಿದ್ದವು. ಅದಕ್ಕೆ ಸುತ್ತಲ ಹಳ್ಳಿಯ ರೈತರ ಬಾವಿಗಳಿಂದ ಟ್ಯಾಂಕರ್ ಲಾರಿಯಲ್ಲಿ ನೀರು ಬರುತ್ತಿತ್ತು. ಹಗಲು ರಾತ್ರಿ ಲಾರಿ. ಬೆಳೆಗೆ ನೀರು ಹಾಯಿಸುವುದಕ್ಕಿಂತ ಲಾರಿಗೆ ತುಂಬಿಸಿದರೆ ಹೆಚ್ಚು ಕಾಸು ಸಿಗುತ್ತೆ ಅಂತ ರೈತರೇ ಮಾರುತ್ತಿದ್ದರು. ಹಳ್ಳಿಯಿಂದ ಸಿಹಿನೀರು ಲಾರಿಯಲ್ಲಿ ಬಂತು, ಉಪ್ಪುನೀರಾಗಿ ಹೊಳೆಯಲ್ಲಿ ಹಳ್ಳಿಗೇ ವಾಪಸು ಹೋಯಿತು. ಮಾರಿದ ಹಳ್ಳಿ ಬೇರೆ, ಕುಡಿದ ಹಳ್ಳಿ ಬೇರೆ, ಅಷ್ಟೇ.

ಆ ಹೊಳೆಯ ಹೆಸರು ನೊಯ್ಯಲ್. ಕೊಯಮತ್ತೂರಿನ ಪಶ್ಚಿಮಕ್ಕೆ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ತಿರುಪ್ಪೂರಿನ ನಡುವೆಯೇ ಹರಿದು, ಕರೂರು ಜಿಲ್ಲೆಯಲ್ಲಿ ಕಾವೇರಿ ಸೇರುತ್ತೆ. ನಮ್ಮ ಕಾವೇರಿಯೇ. ನಾವು ಇಲ್ಲಿ ಪೂಜೆ ಮಾಡಿ ಬಿಟ್ಟ ನೀರಿಗೇ ಅಲ್ಲಿ ಅದು ಹೋಗಿ ಸೇರುತ್ತಿತ್ತು.

ಆಮೇಲೆ ನಾನು ಒಂದು ರಫ್ತು ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಹೊರದೇಶದವರು ಯಾವ ಯಾವ ಚೀಟಿ ಕೇಳುತ್ತಾರೆ ಅಂತ ಅಲ್ಲಿ ಗೊತ್ತಾಯಿತು. ಜರ್ಮನಿ ದೇಶದವರು 1989ರಲ್ಲಿ ಚರ್ಮ ಹಾಳಾಗದಂತೆ ಹಾಕುತ್ತಿದ್ದ ಪೆಂಟಾಕ್ಲೋರೋಫಿನಾಲ್ ಅನ್ನೋ ವಿಷವನ್ನು ನಿಷೇಧ ಮಾಡಿದರು. ಆಂಬೂರು, ವಾಣಿಯಂಬಾಡಿ ಕಡೆ ಚರ್ಮದ ವ್ಯಾಪಾರಿಗಳು ಕಂಗಾಲಾದರು. ಮುಂದೆ 1994ರಲ್ಲಿ ಅವರೇ ಕ್ಯಾನ್ಸರ್ ತರಬಹುದಾದ ಕೆಲವು ಅಜೋ ಬಣ್ಣಗಳು ಬಟ್ಟೆಯಲ್ಲಿ ಇರಕೂಡದು ಅಂತ ಕಾಯಿದೆ ಮಾಡಿದರು. 1997ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ಅಂಥ ಬಣ್ಣಗಳನ್ನು ನಿಷೇಧಿಸಿತು. ಬಟ್ಟೆಯ ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಬೇಕು, ಚೀಟಿ ತರಬೇಕು, ಇಲ್ಲದಿದ್ದರೆ ಹಡಗು ಹತ್ತೋ ಹಾಗಿಲ್ಲ. ಕೆಲವೇ ವರ್ಷದಲ್ಲಿ ಆ ಬಣ್ಣಗಳು ರಫ್ತಿನ ಸರಕಿನಿಂದ ಮಾಯವಾದವು. ಕೊಳ್ಳುವವನು ಗಟ್ಟಿಯಾಗಿ ಕೇಳಿದರೆ ಆಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಇದನ್ನು ನಾನು ಹೊಟ್ಟೆಕಿಚ್ಚಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಆದರೆ ನೋಡಿ, ಅಜೋ ಬಣ್ಣ ಬರ್ಲಿನ್ನಿನ ಮಗುವಿನ ಮೈಗೆ ತಾಗುತ್ತೆ. ಉಪ್ಪು ತಾಗುವುದಿಲ್ಲ. ಉಪ್ಪು ತಿರುಪ್ಪೂರಿನ ಕೆಳಗೇ ನಿಂತುಬಿಡುತ್ತೆ. ಆದ್ದರಿಂದ ಉಪ್ಪಿನ ಚೀಟಿಯನ್ನು ಆಗ ಯಾರೂ ಕೇಳಲಿಲ್ಲ.

ತಪಾಸಣೆಗೆ ಹೊರಗಿನಿಂದ ಸಾಹೇಬರು ಬರುತ್ತಿದ್ದರು. ನಾನಿದ್ದ ಕಂಪನಿಯಲ್ಲಿ ಬರುವ ವಾರ ಮೊದಲೇ ಗೊತ್ತಾಗೋದು. ಗೋಡೆಗೆ ಸುಣ್ಣ, ಗಿಡಕ್ಕೆ ಕೆಂಪು ಮಣ್ಣು, ಬೆಂಕಿ ಆರಿಸುವ ಡಬ್ಬಿಗೆ ಹೊಸ ಚೀಟಿ. ಹೊಲಿಗೆ ಹಾಲು ನೋಡಿದರು, ಶೌಚಾಲಯ ನೋಡಿದರು, ನನ್ನ ರಿಜಿಸ್ಟರು ನೋಡಿ ಅಕ್ಷರ ಚೆನ್ನಾಗಿದೆ ಅಂದರು. ಬಣ್ಣ ಎಲ್ಲಿ ಹಾಕಿಸುತ್ತೀರಿ ಅಂದಾಗ ಒಂದು ದೊಡ್ಡ ಡೈಯಿಂಗ್ ಫ್ಯಾಕ್ಟರಿಗೆ ಕರೆದುಕೊಂಡು ಹೋದರು. ಅಲ್ಲಿ ನೀರು ಶುದ್ಧಿ ಮಾಡುವ ತೊಟ್ಟಿ ಎಲ್ಲ ಇತ್ತು. ನಮ್ಮ ಸರಕಿನ ಕಾಲುಭಾಗ ಮಾತ್ರ ಅಲ್ಲಿಗೆ ಹೋಗುತ್ತಿದ್ದದ್ದು. ಮಿಕ್ಕ ಮುಕ್ಕಾಲು ಪಾಲು ರಾತ್ರಿ ಹೊತ್ತು ಸಣ್ಣ ಟೆಂಪೋದಲ್ಲಿ ಬೇರೆ ಕಡೆ ಹೋಗುತ್ತಿತ್ತು. ಆ ಚಲನ್ ಬರೆಯುತ್ತಿದ್ದವನೂ ನಾನೇ. ಸಾಹೇಬರು ಆ ಪುಸ್ತಕ ಕೇಳಲಿಲ್ಲ, ನಾನೂ ತೋರಿಸಲಿಲ್ಲ. ಕೆಲಸ ಹೋಗುತ್ತೆ ಅನ್ನೋ ಭಯ. ಊರಲ್ಲಿ ತಂಗಿ ಮದುವೆ ಗೊತ್ತಾಗಿತ್ತು.

ನನ್ನ ಕಣ್ಣು ತೆರೆಸಿದವರು ಒಬ್ಬ ಮುದುಕರು. ಆ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಹಬ್ಬಕ್ಕೆ ಚೆನ್ನಿಮಲೆ ಹತ್ತಿರದ ತನ್ನ ಹಳ್ಳಿಗೆ ಕರೆದುಕೊಂಡು ಹೋದ. ಒರತ್ತುಪಾಳಯಂ ಅಣೆಕಟ್ಟೆಯ ಕೆಳಗಿನ ಹಳ್ಳಿ. ಸ್ನಾನಕ್ಕೆ ಹೋದೆ, ಸೋಪು ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಮೈಯೆಲ್ಲ ಅಂಟು. ಅವನ ತಾತ ಕಟ್ಟೆ ಮೇಲೆ ಕೂತಿದ್ದವರು, "ಯಾಕಪ್ಪಾ, ನೊರೆ ಬರಲಿಲ್ವಾ? ನೀವು ಕಳಿಸಿದ ನೀರೇ ಅದು" ಅಂದರು. ಸಿಟ್ಟಿನಿಂದ ಅನ್ನಲಿಲ್ಲ, ಊಟ ಆಯ್ತಾ ಅಂತ ಕೇಳಿದ ಹಾಗೆ ಅಂದರು. ನನಗೆ ಆ ದಿನ ಹಬ್ಬದ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಆ ಅಣೆಕಟ್ಟೆಯ ಕಥೆಯೇ ವಿಚಿತ್ರ. ಕೆಳಗಿನ ಸಾವಿರಾರು ಎಕರೆಗೆ ನೀರು ಕೊಡಬೇಕು ಅಂತ 1992ರಲ್ಲಿ ಕಟ್ಟಿ ಮುಗಿಸಿದರು. ಅದೇ ಕಾಲಕ್ಕೆ ಮೇಲೆ ಬಣ್ಣದ ಕಾರ್ಖಾನೆಗಳು ಏಳುನೂರರ ಮೇಲೆ ಹೋದವು. ಮಳೆನೀರು ತುಂಬಬೇಕಾದ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಸುತ್ತಲ ಬಾವಿಗೆಲ್ಲ ಉಪ್ಪು ಇಳಿಯಿತು. ಕೊನೆಗೆ, ನೀರಿಗಾಗಿ ಕಟ್ಟಿಸಿಕೊಂಡ ಅಣೆಕಟ್ಟಿನ ನೀರನ್ನು ರೈತರೇ ಬೇಡ ಅಂದರು. ರೈತ ನೀರು ಬೇಡ ಅನ್ನಬೇಕಾದರೆ ಅವನ ಹೊಟ್ಟೆ ಎಷ್ಟು ಉರಿದಿರಬೇಕು, ನೀವೇ ಹೇಳಿ.

ವೆಲ್ಲೂರು ಸೀಮೆಯ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ 1996ರಲ್ಲೇ ಸುಪ್ರೀಂ ಕೋರ್ಟು, ಕೆಡಿಸಿದವನೇ ಸರಿಪಡಿಸುವ ಖರ್ಚು ಕೊಡಬೇಕು ಅಂತ ಹೇಳಿತ್ತು. ಅದರ ಮೇರೆಗೆ ಆದ ಪ್ರಾಧಿಕಾರ ನೊಯ್ಯಲ್ ರೈತರ ನಷ್ಟವನ್ನೂ ಲೆಕ್ಕ ಹಾಕಿತು. 2004ರಲ್ಲಿ 28 ಸಾವಿರಕ್ಕೂ ಹೆಚ್ಚು ರೈತರಿಗೆ ಸುಮಾರು 25 ಕೋಟಿ ರೂಪಾಯಿ. ಕೇಳೋದಕ್ಕೆ ದೊಡ್ಡ ಮೊತ್ತ. ಭಾಗಿಸಿ ನೋಡಿ, ತಲೆಗೆ ಒಂಬತ್ತು ಸಾವಿರವೂ ಇಲ್ಲ. ಒಂದು ಮಿಶ್ರತಳಿ ಕರುವೂ ಬರೋದಿಲ್ಲ, ಇಲ್ಲಿ ಹೊಲ ಹೋಗಿದೆ.

ಅಚ್ಚುಕಟ್ಟುದಾರ ರೈತರು ತಮ್ಮದೇ ಸಂಘ ಕಟ್ಟಿಕೊಂಡು 2003ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋದರು. 2006ರ ಡಿಸೆಂಬರಿನಲ್ಲಿ ಆಜ್ಞೆಯಾಯಿತು: ಕಾರ್ಖಾನೆಯಿಂದ ಒಂದು ತೊಟ್ಟು ನೀರೂ ಹೊರಗೆ ಬಿಡಬಾರದು, ಎಲ್ಲವನ್ನೂ ಶುದ್ಧಿ ಮಾಡಿ ಮತ್ತೆ ಬಳಸಬೇಕು. ಅಲ್ಲಿಯವರೆಗೆ ಬಿಟ್ಟ ನೀರಿಗೆ ಲೀಟರಿಗೆ ಆರು ಪೈಸೆಯಿಂದ ಶುರುವಾಗಿ ಏರುತ್ತಾ ಹೋಗುವ ದಂಡ. ಧಣಿಗಳು ಸುಪ್ರೀಂ ಕೋರ್ಟಿಗೆ ಹೋದರು. 2009ರ ಅಕ್ಟೋಬರಿನಲ್ಲಿ ಅಲ್ಲೂ ಅದೇ ಮಾತು. ಆದರೂ ಆಗಲಿಲ್ಲ, ವಾಯಿದೆ ಮೇಲೆ ವಾಯಿದೆ. ಕೊನೆಗೆ 2011ರ ಜನವರಿ 28ರಂದು ಹೈಕೋರ್ಟು ಎಲ್ಲ ಬಣ್ಣದ ಕಾರ್ಖಾನೆಗಳನ್ನೂ ಮುಚ್ಚಿಸಿತು. ಕರೆಂಟು ತೆಗೆಯಿರಿ ಅಂದಿತು.

ಆ ವಾರ ತಿರುಪ್ಪೂರು ಸೂತಕದ ಮನೆ ಹಾಗಿತ್ತು. ಬಣ್ಣವಿಲ್ಲದೆ ಬಟ್ಟೆ ಇಲ್ಲ, ಬಟ್ಟೆ ಇಲ್ಲದೆ ಹೊಲಿಗೆ ಇಲ್ಲ. ಜನ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟರು. ನಾನೂ ಮುಂದಿನ ವರ್ಷ ಹಾಗೆ ಬಂದವನೇ. ಆಗ ಕೋರ್ಟಿನ ಮೇಲೆ, ರೈತರ ಮೇಲೆ ನನಗೂ ಸಿಟ್ಟು ಬಂದಿತ್ತು. ಹೊಟ್ಟೆ ಮೇಲೆ ಹೊಡೆದರು ಅಂದುಕೊಂಡೆ. ಆ ತಾತನ ಮುಖ ನೆನಪಾದ ಮೇಲೆ ಅದು ಇಳಿಯಿತು.

ಇಲ್ಲಿ ಸಹಕಾರದವರಾದ ನಾವು ಗಮನಿಸಬೇಕಾದ ಭಾಗ ಬರುತ್ತೆ. ಸ್ವಲ್ಪ ಬೇಸರವಾದರೂ ಕೇಳಿ. ದೊಡ್ಡವನು ಸ್ವಂತ ಶುದ್ಧೀಕರಣ ಘಟಕ ಕಟ್ಟಿಕೊಂಡ. ಹತ್ತಾರು ಜನ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಚಿಕ್ಕವನು ಏನು ಮಾಡಬೇಕು? ನಮ್ಮಲ್ಲಿ ಎರಡು ಹಸು ಇಟ್ಟವನು ಶೀತಲ ಯಂತ್ರ ಕೊಳ್ಳಲಾರ. ಅದಕ್ಕೇ ಸಂಘ ಒಂದು ಕೊಂಡು ಎಲ್ಲರ ಹಾಲನ್ನೂ ಅದರಲ್ಲಿ ಹಾಕಿಸಿಕೊಳ್ಳುತ್ತೆ. ಅಲ್ಲೂ ಹೀಗೇ. ಹತ್ತಿಪ್ಪತ್ತು ಕಾರ್ಖಾನೆಗಳು ಷೇರು ಹಾಕಿ ಒಂದು ಸಾಮೂಹಿಕ ಘಟಕ. ಪ್ರತಿಯೊಬ್ಬನ ನೀರು ಪೈಪಿನಲ್ಲಿ ಅಲ್ಲಿಗೆ ಬರುತ್ತೆ, ಮೀಟರು ಇರುತ್ತೆ, ಎಷ್ಟು ಕಳಿಸಿದನೋ ಅಷ್ಟಕ್ಕೆ ದುಡ್ಡು. ಇಂಥ ಘಟಕಗಳು 1990ರ ದಶಕದ ಕೊನೆಯಿಂದಲೂ ಇದ್ದವು. ಆದರೆ ಅವು ಬಣ್ಣ ತೆಗೆಯುತ್ತಿದ್ದವು, ಉಪ್ಪು ತೆಗೆಯುತ್ತಿರಲಿಲ್ಲ. ನೀರು ತಿಳಿಯಾಗಿ ಕಾಣೋದು, ನಾಲಿಗೆಗೆ ಇಟ್ಟರೆ ಸಮುದ್ರ. 2011ರ ನಂತರ ತಮಿಳುನಾಡು ಸರ್ಕಾರದ ಬಡ್ಡಿಯಿಲ್ಲದ ಸಾಲವೂ ಸೇರಿ ಅವುಗಳನ್ನು ಸರಿಪಡಿಸಿದರು. ಈಗ ನೀರನ್ನು ಒತ್ತಡದಲ್ಲಿ ಪೊರೆಯ ಮೂಲಕ ಹಾಯಿಸಿ ಸಿಹಿನೀರು ಬೇರೆ ಮಾಡುತ್ತಾರೆ. ಉಳಿದ ಉಪ್ಪುನೀರಲ್ಲಿ ಒಂದಷ್ಟನ್ನು ಶುದ್ಧಿ ಮಾಡಿ ಮತ್ತೆ ಬಣ್ಣದ ತೊಟ್ಟಿಗೇ ಹಾಕುತ್ತಾರೆ, ಮಿಕ್ಕಿದ್ದನ್ನು ಕಾಯಿಸಿ ಇಂಗಿಸುತ್ತಾರೆ. ನಾವು ಹೆಗಲು ಬಿರಿದು ಹೊತ್ತ ಉಪ್ಪು ಈಗ ಸುತ್ತುತ್ತಲೇ ಇರುತ್ತದೆ. ನೀರೂ ಹತ್ತರಲ್ಲಿ ಒಂಬತ್ತು ಪಾಲು ವಾಪಸು ಸಿಗುತ್ತೆ.

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. ಕಾಯಿಸಲಿಕ್ಕೆ ಸೌದೆ ಬೇಕು, ಕರೆಂಟು ಬೇಕು. ತಳದಲ್ಲಿ ಉಳಿಯುವ ಕೆಸರು, ಬೆರಕೆ ಉಪ್ಪು ಕೊಟ್ಟಿಗೆಗಳಲ್ಲಿ ಗುಡ್ಡೆ ಬೀಳುತ್ತೆ. ಕೆಟ್ಟ ಬಾವಿಗಳು ಒಂದು ತಲೆಮಾರಿಗೆ ಸರಿಯಾಗುವಂಥದ್ದಲ್ಲ. ಖರ್ಚು ತಾಳಲಾರದವರು ಬಾಗಿಲು ಹಾಕಿದರು. ಕೆಲವರು ಬೇರೆ ಜಿಲ್ಲೆಗಳಿಗೆ ಹೋಗಿ ಕದ್ದುಮುಚ್ಚಿ ಶುರು ಮಾಡಿದರು. ಭವಾನಿ, ಈರೋಡು ಸುತ್ತ ಕಾವೇರಿಗೆ ಬಣ್ಣದ ನೀರು ಬಿಟ್ಟರು ಅಂತ ಘಟಕಗಳನ್ನು ಕೆಡವಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ನೀರು ಶುದ್ಧಿ ಮಾಡಲು ಹೊಸ ಖರ್ಚು ಬಂತಲ್ಲ, ನಾನಿದ್ದ ಕಂಪನಿಯವರು ಕೊಳ್ಳುವವರಿಗೆ ಕಾಗದ ಬರೆದು, ರೇಟು ಸ್ವಲ್ಪ ಹೆಚ್ಚಿಸಿ ಅಂದರು. ಬಂದ ಉತ್ತರ: ನಿಮ್ಮ ಹಸಿರು ಕೆಲಸ ನೋಡಿ ಸಂತೋಷವಾಯಿತು, ರೇಟು ಹಳೆಯದೇ. ಬೇರೆ ದೇಶದಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತೆ ಅಂತ ಕೊನೆಗೊಂದು ಸಾಲು.

ಆ ಬೇರೆ ದೇಶದ ಕಥೆಯೂ ನಮ್ಮದೇ. ಬಾಂಗ್ಲಾದೇಶದ ಢಾಕಾದಲ್ಲಿ ಹಜಾರಿಬಾಗ್ ಅನ್ನೋ ಜಾಗದ ಚರ್ಮದ ಕಾರ್ಖಾನೆಗಳು ಬೂಡಿಗಂಗಾ ಹೊಳೆಯನ್ನು ಕೊಂದವು. 2017ರಲ್ಲಿ ಅಲ್ಲಿನ ಹೈಕೋರ್ಟು ಹೇಳಿ ಅವುಗಳನ್ನು ಸಾವರ್ ಅನ್ನೋ ಕಡೆಗೆ ಸಾಗಿಸಿದರು. ಅಲ್ಲಿ ಸಾಮೂಹಿಕ ಘಟಕ ಪೂರ್ತಿ ಆಗುವ ಮುಂಚೆಯೇ ಕಾರ್ಖಾನೆಗಳು ಬಂದು ಕೂತವು, ಈಗ ಧಲೇಶ್ವರಿ ಹೊಳೆಯ ಸರದಿ. ಹೊಳೆ ಬದಲಾಯಿತು, ನೀರು ಬದಲಾಗಲಿಲ್ಲ.

ಈಚೆಗೆ ಮೇಲಿನವರೂ ಸ್ವಲ್ಪ ಕಣ್ಣು ಬಿಡುತ್ತಿದ್ದಾರೆ, ಅದನ್ನೂ ಹೇಳಬೇಕು. 2011ರಿಂದ ದೊಡ್ಡ ದೊಡ್ಡ ಬ್ರಾಂಡಿನವರು ಸೇರಿ ಬಳಸಬಾರದ ರಾಸಾಯನಿಕಗಳ ಪಟ್ಟಿ ಮಾಡಿ, ಹೊರಬಿಡುವ ನೀರಿನ ಪರೀಕ್ಷೆಯನ್ನೂ ಕೇಳತೊಡಗಿದ್ದಾರೆ. ಜರ್ಮನಿಯಲ್ಲಿ 2023ರಿಂದ ಸರಪಳಿಯ ಕಾಯಿದೆಯೇ ಬಂದಿದೆ. ಐರೋಪ್ಯ ಒಕ್ಕೂಟ 2024ರಲ್ಲಿ ಅಂಥದ್ದೇ ಒಂದು ಮಾಡಿ, 2025ರಲ್ಲಿ ಜಾರಿಯನ್ನು ಮುಂದಕ್ಕೆ ಹಾಕಿತು. ಮುಂದಕ್ಕೆ ಹಾಕೋದರಲ್ಲಿ ನಮ್ಮ ಸರ್ಕಾರಗಳೇನೂ ಒಂಟಿಯಲ್ಲ ಅಂತ ಸಮಾಧಾನ ಮಾಡಿಕೊಳ್ಳಿ.

ಇಷ್ಟೆಲ್ಲ ಈ ಮಂಟಪದಲ್ಲಿ ಯಾಕೆ ಹೇಳಿದೆ ಅಂತ ನಿಮಗೆ ಗೊತ್ತು. ನಮ್ಮ ಕೆರೆ ಕೋಡಿಯ ಪಕ್ಕ ಏಳು ಎಕರೆ ಕೇಳಿಕೊಂಡು ಒಬ್ಬರು ಬಂದಿದ್ದಾರೆ, ಜೀನ್ಸ್ ಪ್ಯಾಂಟು ತೊಳೆಯುವ ಘಟಕಕ್ಕೆ. ನಮ್ಮ ಹೆಣ್ಣುಮಕ್ಕಳಿಗೆ ಕೆಲಸ ಅಂದಿದ್ದಾರೆ. ಕೆಲಸ ಬೇಕು. ನಾನು ಅದರ ವಿರುದ್ಧ ಇಲ್ಲ. ಘಾಟಿ ಇಳಿದು ಕೂಲಿಗೆ ಹೋದವನಿಗೆ ಊರಲ್ಲೇ ಕೆಲಸದ ಬೆಲೆ ಏನು ಅಂತ ಗೊತ್ತು. ಆದರೆ ಬಳ್ಳಾರಿಯ ಜೀನ್ಸ್ ಎಷ್ಟು ಹೆಸರುವಾಸಿಯೋ ಅಲ್ಲಿನ ತೊಳೆಯುವ ಘಟಕಗಳ ನೀರಿನ ತಕರಾರೂ ಅಷ್ಟೇ ಹೆಸರುವಾಸಿ. ಗ್ರಾಮಸಭೆಯಲ್ಲಿ ಕೈ ಎತ್ತುವ ಮೊದಲು ಕೇಳಬೇಕು: ನೀರು ಎಲ್ಲಿಂದ ತರುತ್ತೀರಿ? ನಮ್ಮ ಕೊಳವೆ ಬಾವಿಯಿಂದಲೇ ಆದರೆ ದಿನಕ್ಕೆ ಎಷ್ಟು? ತೊಳೆದ ನೀರು ಎಲ್ಲಿಗೆ, ಕೆಸರು ಎಲ್ಲಿಗೆ? ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಯಾರ ಹೆಸರಿನಲ್ಲಿದೆ? ಸರಕು ಯಾವ ಕಂಪನಿಯದು, ಅವರಿಗೆ ಈ ಜಾಗ ಗೊತ್ತೋ ಇಲ್ಲವೋ? ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ, ನಾನು ಬರೆಯುತ್ತಿದ್ದ ರಾತ್ರಿ ಟೆಂಪೋದ ಚಲನ್ ಪುಸ್ತಕವನ್ನು ನೆನಪು ಮಾಡಿಕೊಳ್ಳಿ. ಅವರು ಸರಿಯಾಗಿ ಉತ್ತರ ಕೊಟ್ಟರೆ ಮೊದಲು ಕೈ ಎತ್ತುವವನು ನಾನೇ.

ಇನ್ನೊಂದು ಮಾತು, ಅಧ್ಯಕ್ಷರು ಬೇಜಾರು ಮಾಡಿಕೊಳ್ಳಬಾರದು. ಅವರನ್ನು ಕೇಳುವ ಮೊದಲು ನಮ್ಮ ಹಿತ್ತಿಲು ನೋಡಿಕೊಳ್ಳಬೇಕಲ್ಲ. ಶೀತಲ ಯಂತ್ರ ತೊಳೆದ ಸೋಡಾ ನೀರು, ಕ್ಯಾನು ತೊಳೆದ ನೀರು ಎಲ್ಲ ಸಂಘದ ಹಿಂದಿನ ಮೋರಿಯಿಂದ ನೇರವಾಗಿ ಕೆರೆಯ ಕಾಲುವೆಗೆ ಹೋಗುತ್ತಿದೆ. ಈಗ ಹೊರಗೆ ಹೋದರೆ ವಾಸನೆಯೇ ಹೇಳುತ್ತೆ. ಒಂದು ಇಂಗುಗುಂಡಿ, ಅದರ ಮುಂದೆ ಜಿಡ್ಡು ನಿಲ್ಲುವ ತೊಟ್ಟಿ ಕಟ್ಟಿಸಿದರೆ ಸಾಕು. ಊರಿನ ಗಾರೆ ಮೇಸ್ತ್ರಿಯವರ ಹತ್ತಿರ ಅಂದಾಜು ಬರೆಸಿ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಬರುವ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಆ ದಿನ ನಾನು ಬರುತ್ತೇನೆ, ನೀವೂ ಬನ್ನಿ. ಊಟದ ಹೊತ್ತಾಯಿತು, ಅಡಿಗೆಯವರು ಆಗಲೇ ಎರಡು ಸಲ ಇಣುಕಿ ನೋಡಿದ್ದಾರೆ.